ಪಕ್ಕದ ಸೀಟಿನ ಅಂಚು

ಪುಟ್ಟಿಯ ಭಾವ ಡ್ರೈವಿಂಗ್ ಕಲಿಸುತ್ತಿದ್ದದ್ದು ರಸ್ತೆ ನೋಡಿ ಅಲ್ಲ, ಸೀಟು ನೋಡಿ.

ಕ್ಲಾಸು ಮುಗಿದು ಗಾಡಿ ನಿಂತ ಮೇಲೆ ಕಲಿಯುವವರಿಗೆ ಒಂದು ಅಪ್ಪಣೆಯಾಗುತ್ತಿತ್ತು: ಜಾರಿ ಇಳಿಯಬಾರದು, ಎದ್ದು ಇಳಿಯಬೇಕು. ಆಮೇಲೆ ಭಾವ ಇನ್ನೊಂದು ಕಡೆಯಿಂದ ಸುತ್ತಿಕೊಂಡು ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ರೋಗಿಯ ನಾಲಿಗೆ ನೋಡುವ ವೈದ್ಯರ ಹಾಗೆ ಬಾಗಿ ಡ್ರೈವರ್ ಸೀಟನ್ನು ನೋಡುತ್ತಿದ್ದರು. ಸೀಟಿಗೆ ಹೊದಿಸಿದ್ದು ಬೂದು ಬಣ್ಣದ ಕೃತಕ ಸ್ಯೂಡ್, ಮಖಮಲ್ಲಿನಂಥ ಬಟ್ಟೆ. ಅದರ ನವಿರು ಒಂದು ಕಡೆಗೆ ಸವರಿದರೆ ತಿಳಿಯಾಗುತ್ತದೆ, ಎದುರು ಸವರಿದರೆ ಕಪ್ಪಾಗುತ್ತದೆ. ಬೆಳಿಗ್ಗೆ ಭಾವ ಅದನ್ನು ಮೆತ್ತನೆಯ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಬಾಚಿ ಇಟ್ಟರೆ, ಆಮೇಲೆ ಕೂತವರ ಬೆನ್ನು, ಭುಜ, ತೊಡೆ ಎಲ್ಲ ಅದರಲ್ಲಿ ಅಚ್ಚೊತ್ತಿದ ಹಾಗೆ ಕಾಣುತ್ತಿತ್ತು.

ಎಡ ಭುಜ ಇಲ್ಲಿ ಕೊರೆದಿದೆ, ಗೇರ್ ಅಂದರೆ ನಿಮಗೆ ಭಯ. ಬೆನ್ನು ಸೀಟಿಗೆ ತಾಗಿಯೇ ಇಲ್ಲ, ನೀವು ಗಾಡಿ ಓಡಿಸುತ್ತಿಲ್ಲ, ಗಾಜಿನಾಚೆ ಇಣುಕುತ್ತಿದ್ದೀರಿ. ಹೀಗೆ ಭಾವ ಒಬ್ಬೊಬ್ಬರ ಭವಿಷ್ಯ ಓದುತ್ತಿದ್ದರು. ಕೇಳಿದವರು ಕಣ್ಣರಳಿಸುತ್ತಿದ್ದರು. ರಸ್ತೆಯಲ್ಲಿ ಮಾಡಿದ ತಪ್ಪಿಗೆ ಬೈದರೆ ಮುನಿಸಿಕೊಳ್ಳುವ ಜನ ಸೀಟು ಹೇಳಿದ್ದಕ್ಕೆ ತಲೆದೂಗುತ್ತಿದ್ದರು. ಅಚ್ಚು ಶಾಂತವಾಗಿದೆ ಅನ್ನಿಸಿದ ಮೇಲೆಯೇ ಭಾವ ಅವರನ್ನು ಪರೀಕ್ಷೆಗೆ ಕಳಿಸುತ್ತಿದ್ದದ್ದು. "ಸೀಟು ಸುಳ್ಳು ಹೇಳಲ್ಲ" ಎನ್ನುವುದು ಅವರ ಬಾಯಿಗೆ ಗಾದೆಯಂತೆ ಅಂಟಿಕೊಂಡಿತ್ತು. ಮನೆಯಲ್ಲೂ ಅದೇ ಮಾತು. ಒಮ್ಮೆ ಸಾರಿಗೆ ಉಪ್ಪು ಜಾಸ್ತಿಯಾದಾಗಲೂ ಹೇಗೋ ಸೀಟಿನ ಮಾತು ಬಂದು, ಅಕ್ಕ ಸೌಟು ಕೆಳಗಿಟ್ಟು, "ಹಾಗಾದ್ರೆ ನಾಳೆಯಿಂದ ಸೀಟೇ ಅಡುಗೆ ಮಾಡ್ಲಿ" ಎಂದಿದ್ದಳು.

ಇದರಲ್ಲಿ ಪುಟ್ಟಿಯ ಸಂಕಟ ಏನೆಂದರೆ, ಆ ಸೀಟು ಹೊಲಿದವಳು ಅವಳೇ.

ಮೂವತ್ತು ದಾಟಿದರೂ ಮನೆಯಲ್ಲಿ ಪುಟ್ಟಿಯಾಗಿಯೇ ಉಳಿದಿದ್ದ ಅವಳು ಕಾರಿನ ಸೀಟು ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಯಾರೋ ಸಾಹುಕಾರರು ಸ್ಯೂಡ್ ಬೇಕೆಂದು ತರಿಸಿ, ಹೆಂಡತಿಗೆ ಬಣ್ಣ ಹಿಡಿಸಲಿಲ್ಲವೆಂದು ಬಿಟ್ಟುಹೋಗಿದ್ದ ಬಟ್ಟೆ ಅದು. ಅಂಗಡಿಯ ಯಜಮಾನರು ಅದನ್ನು ಪುಟ್ಟಿಗೆ ಕೊಟ್ಟಿದ್ದರು. ಅಕ್ಕನ ಮನೆಯ ಗಾಡಿಗೆ ಅದು ಸರಿಹೋಗದು, ದಿನಕ್ಕೊಬ್ಬರ ಬೆವರು ಕುಡಿಯುವ ಸೀಟಿಗೆ ರೆಕ್ಸಿನ್ನೇ ಸರಿ, ಒರೆಸಿ ಬಿಟ್ಟರೆ ಆಯಿತು ಎಂದು ಅವಳು ಹೇಳಿದ್ದಳು. ಭಾವ ಬಟ್ಟೆಯ ಮೇಲೆ ಕೈಯಾಡಿಸಿದರು, ಅಷ್ಟೇ. ಆಮೇಲೆ ಯಾರ ಮಾತೂ ಅವರ ಕಿವಿಗೆ ಬೀಳಲಿಲ್ಲ. ಹೀಗೆ ತಾನೇ ಕಡಿದು ಕೊಟ್ಟ ಕೋಲಿನಿಂದ ತಾನೇ ಪೆಟ್ಟು ತಿನ್ನುವ ಯೋಗ ಪುಟ್ಟಿಯ ಪಾಲಿಗೆ ಬಂತು.

ಈಗ ಆ ಪೆಟ್ಟು ಬೀಳತೊಡಗಿತ್ತು. ಅಂಗಡಿಯವರು ಒಂದು ವ್ಯಾನ್ ಕೊಂಡಿದ್ದರು. ಹೊಲಿಗೆ ಮೆಷಿನ್ನು, ಬಟ್ಟೆ, ಅಂಟು ಎಲ್ಲ ಅದರಲ್ಲಿ ತುಂಬಿಕೊಂಡು ಗಿರಾಕಿಗಳ ಮನೆಬಾಗಿಲಿಗೇ ಹೋಗಿ ಸೀಟು ರಿಪೇರಿ ಮಾಡುವ ಯೋಜನೆ. ಕೆಲಸ ಬಲ್ಲವಳು ಪುಟ್ಟಿ, ಆದ್ದರಿಂದ ವ್ಯಾನು ಪುಟ್ಟಿಗೆ. ಆದರೆ ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸಬೇಕು. ಇಲ್ಲದಿದ್ದರೆ ಯಜಮಾನರ ಸೋದರಳಿಯನಿಗೆ. ಅವನಿಗೆ ಲೈಸೆನ್ಸ್ ಇತ್ತು. ಜಿಪ್ಪನ್ನು ತಲೆಕೆಳಗಾಗಿ ಹೊಲಿಯುವ ಅಭ್ಯಾಸವೂ ಇತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ವರ್ಷಾನುಗಟ್ಟಲೆ ಹೊಲಿದಿದ್ದ ಪುಟ್ಟಿಗೆ ಆ ವ್ಯಾನಿನ ಮುಂದಿನ ಗಾಜು ಅಂದರೆ ಒಂದು ಕಿಟಕಿ. ಅದು ಬೇಕೇಬೇಕಿತ್ತು.

ಪುಟ್ಟಿ ಗಾಡಿ ಚೆನ್ನಾಗಿಯೇ ಓಡಿಸುತ್ತಿದ್ದಳು. ತಿರುವಿನಲ್ಲಿ ಆತುರಪಡುತ್ತಿರಲಿಲ್ಲ, ನಿಲ್ಲಿಸಿದರೆ ಗಾಡಿ ಮುಗ್ಗರಿಸುತ್ತಿರಲಿಲ್ಲ. ಆದರೂ ಸೀಟು ಅವಳ ಪರವಾಗಿ ಸಾಕ್ಷಿ ಹೇಳುತ್ತಿರಲಿಲ್ಲ. ಬೆನ್ನಿನ ಕೆಳಭಾಗದಲ್ಲಿ ಎರಡು ಕಪ್ಪು ಗುಂಡಿಗಳು ಕಾಣುತ್ತಿದ್ದವು. ಭಾವ ಅದನ್ನು ನೋಡಿ ನಿಟ್ಟುಸಿರು ಬಿಟ್ಟು, ಇನ್ನೂ ನಡುಕ ಹೋಗಿಲ್ಲ, ಮುಂದಿನ ವಾರ ನೋಡೋಣ ಎನ್ನುತ್ತಿದ್ದರು.

"ನಡುಕ ಅಲ್ಲ ಭಾವ. ಕುಳ್ಳಗಿದ್ದೀನಿ. ಕ್ಲಚ್ಚಿಗೆ ಕಾಲು ಎಟುಕಲ್ಲ, ಅದಕ್ಕೆ ಬೆನ್ನು ಒತ್ತಿ ಕಾಲು ಚಾಚ್ತೀನಿ."

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಳಂತೆ."

"ನೆಲ ಹೊಲಿದೋಳು ನಾನೇ. ಡೊಂಕಿದ್ರೆ ನಂಗೆ ಗೊತ್ತಾಗಲ್ವಾ?"

ಭಾವನಿಗೆ ಇದು ತಮಾಷೆಯಾಗಿ ಕಂಡಿತು. ಪುಟ್ಟಿಗೆ ಕಾಣಲಿಲ್ಲ. ಬೇರೆ ಕಡೆ ಸೇರಿ ಪರೀಕ್ಷೆಗೆ ಹೋಗುತ್ತೇನೆ ಎಂದು ಅವಳು ಅಕ್ಕನ ಮುಂದೆ ಹೇಳಿದಾಗ, ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ನಾದಿನಿ ಇನ್ನೊಂದು ಸ್ಕೂಲಿನ ಬೋರ್ಡ್ ಹೊತ್ತ ಗಾಡಿಯಲ್ಲಿ ಊರೆಲ್ಲ ಸುತ್ತಿದರೆ ತಮ್ಮ ಅನ್ನಕ್ಕೆ ಮಣ್ಣು ಬೀಳುತ್ತದೆ ಎಂದು ಅಕ್ಕ ಕೈಮುಗಿದಳು.

ಪುಟ್ಟಿ ಮೊದಲು ಕಳ್ಳದಾರಿ ಹಿಡಿದಳು. ಬ್ಯಾಗಿನಲ್ಲಿ ಚಿಕ್ಕ ಬ್ರಷ್ಷು ಇಟ್ಟುಕೊಂಡು, ಇಳಿಯುವಾಗ ಭಾವ ಸುತ್ತಿ ಬರುವಷ್ಟರಲ್ಲಿ ತನ್ನ ಅಚ್ಚನ್ನು ಬಾಚಿಹಾಕಿದಳು. ಭಾವ ಬಾಗಿ ನೋಡಿದರು. ಸೀಟು ತೊಳೆದ ಹಲಗೆಯ ಹಾಗಿತ್ತು. ಇಷ್ಟು ಹೊತ್ತು ಗಾಡಿಯನ್ನು ದೆವ್ವ ಓಡಿಸಿತೇ ಎಂದು ಕೇಳಿ ಅವರು ಬ್ರಷ್ಷನ್ನು ವಶಪಡಿಸಿಕೊಂಡರು.

ಆಮೇಲೆ ಅಕ್ಕ ಸಹಾಯಕ್ಕೆ ಬಂದಳು. ಅಕ್ಕನ ಸಹಾಯ ಅಂದರೆ ಬೆಂಕಿ ಬಿದ್ದಾಗ ಬೀಸಣಿಗೆ ಹಿಡಿದ ಹಾಗೆ. ಗಂಡ ಬೆಳಿಗ್ಗೆ ಎದ್ದು ತನ್ನ ಮುಖ ನೋಡದೆ ಸೀಟು ಬಾಚಲು ಹೋಗುವುದನ್ನು ನೋಡಿ ನೋಡಿ ಅವಳಿಗೂ ರೋಸಿಹೋಗಿತ್ತು. ಗಾಡಿ ಮನೆಮುಂದೆ ನಿಂತಿದ್ದ ಒಂದು ಮಧ್ಯಾಹ್ನ, ಡ್ಯಾಶ್‌ಬೋರ್ಡಿಗೆ ಹೊಳಪು ಬರಲೆಂದು ಹಚ್ಚುವ ಎಣ್ಣೆಯಂಥ ದ್ರವವನ್ನು ಬಟ್ಟೆಗೆ ಸುರಿದುಕೊಂಡು ಡ್ರೈವರ್ ಸೀಟನ್ನು ಮೇಲಿಂದ ಕೆಳಗಿನವರೆಗೆ ಒರೆಸಿದಳು. ಅಚ್ಚು ಬೀಳದಿದ್ದರೆ ತಾನೇ ಅವರು ಓದುವುದು ಎನ್ನುವುದು ಅವಳ ತರ್ಕ. ತರ್ಕವೇನೋ ಸರಿಯಾಗಿಯೇ ಇತ್ತು. ನವಿರೆಲ್ಲ ಒಂದಕ್ಕೊಂದು ಅಂಟಿಕೊಂಡು ಸೀಟು ಮಳೆಯಲ್ಲಿ ನೆಂದ ಬೆಕ್ಕಿನ ಹಾಗಾಯಿತು. ಯಾರು ಕೂತರೂ, ಎದ್ದರೂ ಅದಕ್ಕೆ ಪರಿವೆಯೇ ಇಲ್ಲ.

ಭಾವ ಅವತ್ತು ಊಟ ಬಿಟ್ಟರು. ಕುರುಡು ಸೀಟಿನಲ್ಲಿ ಪಾಠ ಮಾಡಲಾರೆ, ಸೀಟು ಮೊದಲಿನಂತಾಗುವವರೆಗೆ ಯಾರನ್ನೂ ಪರೀಕ್ಷೆಗೆ ಕಳಿಸುವುದಿಲ್ಲ ಎಂದು ಸಾರಿದರು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವಂಥ ಈ ಮಾತಿಗೆ ಎದುರಾಡುವವರು ಮನೆಯಲ್ಲಿ ಇಬ್ಬರಿದ್ದರೂ, ಒಬ್ಬಳು ಅಪರಾಧಿ, ಇನ್ನೊಬ್ಬಳು ಅಪರಾಧಿಯ ತಂಗಿ. ದಿನ ಸಿಗುವುದು ತಡವಾಗುತ್ತದೆಂದು ಪುಟ್ಟಿಯ ಹೆಸರು ಆಗಲೇ ಮುಂದಿನ ವಾರದ ಪರೀಕ್ಷೆಗೆ ಬರೆಸಿಯಾಗಿತ್ತು. ಆ ದಿನ ತಪ್ಪಿದರೆ ಮತ್ತೆ ಹೊಸ ದಿನ ಸಿಗುವ ಹೊತ್ತಿಗೆ ತಿಂಗಳು ಕಳೆದು, ವ್ಯಾನು ಸೋದರಳಿಯನ ಕೈಸೇರಿರುತ್ತಿತ್ತು.

ಹಾಗಾಗಿ ರಜೆಯ ದಿನ ಅಂಗಡಿಯ ಹಿಂದಿನ ಅಂಗಳಕ್ಕೆ ಗಾಡಿ ತರಿಸಿ, ಪುಟ್ಟಿ ಮುಂದಿನ ಎರಡೂ ಸೀಟುಗಳನ್ನು ಬಿಚ್ಚಿ ಹೊರಗಿಟ್ಟಳು. ಒಂದು ಹೊಸದರಂತಾಗಿ ಇನ್ನೊಂದು ಹಳೆಯದಾಗಿ ಉಳಿದರೆ ಬಣ್ಣ ಬೇರೆಬೇರೆ ಕಾಣುತ್ತದೆಂದು ಎರಡನ್ನೂ ತೊಳೆಯುವ ಯೋಚನೆ. ಹೊದಿಕೆಯನ್ನು ಸ್ಪಂಜಿಗೆ ಹಿಡಿದಿಟ್ಟಿದ್ದ ಉಕ್ಕಿನ ಉಂಗುರಗಳನ್ನು ಕತ್ತರಿಸಿ ಸುಲಿದಳು. ಎಣ್ಣೆ ಕುಡಿದ ಬಟ್ಟೆಗೆ ಪೌಡರು ಎರಚಿ, ಅದು ಜಿಡ್ಡು ಹೀರುವವರೆಗೆ ಬಿಟ್ಟು, ಕೊಡವಿದಳು. ಉಗುರುಬೆಚ್ಚಗಿನ ನೀರಿನಲ್ಲಿ ಸೋಪಿನ ನೊರೆಯೆಬ್ಬಿಸಿ, ಒರೆಸುವ ಅರಿವೆಯನ್ನು ನೊರೆಯಲ್ಲಿ ಮಾತ್ರ ಅದ್ದಿ ಹಿಂಡಿ, ಅಂಚಿನಿಂದ ನಡುವಿಗೆ ಒರೆಸಿದಳು. ಈ ಬಟ್ಟೆಗೆ ನೀರು ಕುಡಿಸಬಾರದು, ತಿಕ್ಕಬಾರದು, ಬಿಸಿ ಗಾಳಿ ಊದಬಾರದು, ಬಿಸಿಲಿಗೆ ಹಾಕಬಾರದು. ಒಟ್ಟಿನಲ್ಲಿ ಹೊಸದಾಗಿ ಮನೆಗೆ ಬಂದ ಅಳಿಯನ ಹಾಗೆ ನೋಡಿಕೊಳ್ಳಬೇಕು. ಒರೆಸಿದ್ದು ನೆರಳಿನಲ್ಲಿ ಆರಿದ ಮೇಲೆ ಬ್ರಷ್ಷಿನಿಂದ ಎಬ್ಬಿಸಿದರೆ, ಮಲಗಿದ್ದ ನವಿರು ಒಂದೊಂದಾಗಿ ತಲೆಯೆತ್ತತೊಡಗಿತು. ಅಕ್ಕ ಮಾಡಿದ ಪಾಪ ಪರಿಹಾರವಾಗುತ್ತಿತ್ತು.

ಪಕ್ಕದ ಸೀಟಿನ ಮೇಲೆ ಭಾವ ಸದಾ ಒಂದು ಟವೆಲ್ ಹಾಸಿರುತ್ತಿದ್ದರು. ದಿನವಿಡೀ ಕೂರುವವರು ತಾವು, ತಮ್ಮ ಬೆವರು ಬಟ್ಟೆಗೆ ತಾಗಬಾರದು ಎಂದು. ಟವೆಲ್ಲಿನ ಮರೆಯಲ್ಲಿದ್ದ ಬಟ್ಟೆ ಅಚ್ಚುಕಟ್ಟಾಗಿಯೇ ಇತ್ತು, ಒಂದು ಕಡೆ ಬಿಟ್ಟು. ಬಾಗಿಲಿನ ಪಕ್ಕದ ಅಂಚಿನಲ್ಲಿ, ತೊಡೆಯ ಕೆಳಗೆ, ಅಂಗೈಯಗಲ ಜಾಗದಲ್ಲಿ ನವಿರೇ ಇರಲಿಲ್ಲ. ಬೋಳು. ಸುತ್ತ ಎಳೆಗಳು ಉಂಡೆ ಕಟ್ಟಿದ್ದವು. ಪುಟ್ಟಿ ಪೌಡರು ಹಾಕಿದಳು, ನೊರೆ ಹಚ್ಚಿದಳು, ಬ್ರಷ್ಷು ಆಡಿಸಿದಳು. ಏನೂ ಏಳಲಿಲ್ಲ. ಜಿಡ್ಡಾದರೆ ಹೋಗುತ್ತದೆ, ಮಲಗಿದ್ದಾದರೆ ಏಳುತ್ತದೆ, ಸವೆದುಹೋದದ್ದು ಮಾತ್ರ ತಿರುಗಿ ಬರುವುದಿಲ್ಲ. ಟವೆಲ್ ಉಜ್ಜಿ ಸವೆದಿದ್ದರೆ ಸೀಟೆಲ್ಲ ಸವೆಯಬೇಕಿತ್ತು. ಇಲ್ಲಿ ಮೇಲೆ ಒಂದು ಸಣ್ಣ ಗುಳಿ, ಕೆಳಗೆ ಸಾಲಾಗಿ ನಾಲ್ಕು. ಅವಳು ತನ್ನ ಕೈಯನ್ನು ಅದರ ಮೇಲಿಟ್ಟು ನೋಡಿದಳು. ಹೆಬ್ಬೆರಳು ಮೇಲೆ ಕೂತಿತು, ಬೆರಳುಗಳು ಕೆಳಗೆ ಕೂತವು. ಗುಳಿಗಳು ಅವಳ ಬೆರಳಿಗಿಂತ ದೊಡ್ಡವು.

ಪುಟ್ಟಿ ಇನ್ನೊಮ್ಮೆ ಬೆರಳಿಟ್ಟು ಎಣಿಸಿದಳು. ಆಮೇಲೆ ಹೊದಿಕೆಗಳನ್ನೆಲ್ಲ ನೆರಳಿನಲ್ಲಿದ್ದ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿ, ಕೈತೊಳೆಯಲು ಹೋದಳು.

ಸಂಜೆಗೆ ಮೊದಲು ಅಕ್ಕ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಬಂದಳು, ಹಿಂದೆಯೇ ಭಾವ. ಅವರಿಗೆ ಇನ್ನೂ ಸಿಟ್ಟು ಆರಿರಲಿಲ್ಲ. ಸೀಟು ಬದುಕಿತೋ ಇಲ್ಲವೋ ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಹಗ್ಗದುದ್ದಕ್ಕೂ ನಡೆದರು. ಸುಲಿದ ಮೇಲೆ ಹೊದಿಕೆಗಳೆಲ್ಲ ಒಂದೇ ಥರ. ಯಾವುದು ಯಾವ ಸೀಟಿನದು ಎಂದು ಹೊಲಿದವಳಿಗಲ್ಲದೆ ಬೇರೆಯವರಿಗೆ ಗೊತ್ತಾಗುವಂತಿರಲಿಲ್ಲ. ಬೋಳು ಅಂಚಿದ್ದ ಹೊದಿಕೆಯ ಮುಂದೆ ಅವರು ನಿಂತರು. ಬಾಗಿದರು. ಕನ್ನಡಕ ಮೇಲೇರಿಸಿದರು. ಮುಖಕ್ಕೆ ಮೆಲ್ಲಗೆ ಹಳೆಯ ಕಳೆ ಬಂತು.

"ಬಾ ಇಲ್ಲಿ," ಎಂದರು ಪುಟ್ಟಿಗೆ. "ನೀನು ಕುಳ್ಳಗಿದ್ದೀನಿ, ಕಾಲು ಎಟುಕಲ್ಲ ಅಂತಿದ್ದೆಯಲ್ಲ. ಇದೇನು? ಇಷ್ಟು ದಿನ ನನ್ನ ಕಣ್ಣನ್ನೂ ತಪ್ಪಿಸಿತ್ತು. ಬೆರಳು ಎಣಿಸ್ಕೋ. ಇದು ಒಂದು ದಿನದ ಹೆದರಿಕೆ ಅಲ್ಲ. ದಿನಾ, ಒಂದೇ ಜಾಗದಲ್ಲಿ, ಪ್ರಾಣ ಕೈಲಿ ಹಿಡ್ಕೊಂಡು ಕೂತೋರ ಕೈ ಇದು. ಇಂಥೋರನ್ನ ನಾನು ಪರೀಕ್ಷೆಗೆ ಕಳಿಸ್ಲಾ? ಇಂಥೋರಿಗೆ ರಸ್ತೇಲಿ ಏನು ಕೆಲಸ? ಮನೇಲಿ ಇರಬೇಕು."

ಪುಟ್ಟಿ ಉತ್ತರ ಕೊಡುವ ಅಗತ್ಯ ಬೀಳಲಿಲ್ಲ, ಏಕೆಂದರೆ ಚಹಾ ಬಗ್ಗಿಸುತ್ತಿದ್ದ ಅಕ್ಕ ತಲೆಯೆತ್ತಿದ್ದಳು. ಅಕ್ಕನಿಗೆ ಬಟ್ಟೆಯ ನವಿರು ಗೊತ್ತಿಲ್ಲ, ಕ್ಲಚ್ಚು ಗೊತ್ತಿಲ್ಲ. ಆದರೆ ಮನುಷ್ಯರಿಗೆ ಎಷ್ಟು ಕೈಗಳಿರುತ್ತವೆ ಎನ್ನುವುದು ಗೊತ್ತಿತ್ತು.

"ರೀ," ಎಂದಳು. "ಒಂದು ಕೈಲಿ ಸ್ಟೀರಿಂಗು, ಒಂದು ಕೈಲಿ ಗೇರು. ಅವಳು ಸೀಟು ಹಿಡ್ಕೊಳ್ಳೋಕೆ ಮೂರನೇ ಕೈ ಎಲ್ಲಿಂದ ತಂದ್ಳು?"

ಭಾವ ಹೊದಿಕೆಯನ್ನು ತಿರುಗಿಸಿ ಹೊಲಿಗೆ ನೋಡಿದರು, ಪುಟ್ಟಿಯ ಮುಖ ನೋಡಿದರು. ಆಮೇಲೆ, ಯಾರೂ ಏನೂ ಹೇಳದಿದ್ದರೂ, ಅವರ ಬಲಗೈ ತಾನಾಗಿ ಎಡಗೈಯ ಬೆರಳುಗಳನ್ನು ಮುಚ್ಚಿಕೊಂಡಿತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ," ಎಂದಳು ಅಕ್ಕ, ಚಹಾ ಮುಂದಕ್ಕೆ ಚಾಚುತ್ತ.

ಭಾವ ಚಹಾ ತೆಗೆದುಕೊಳ್ಳಲಿಲ್ಲ. ಹೊದಿಕೆಯಿಲ್ಲದೆ ಬೆತ್ತಲಾಗಿ ಬಿದ್ದಿದ್ದ ಸ್ಪಂಜಿನ ಸೀಟಿನ ಮೇಲೆ ಕೂತರು. ಅದು ಅವರ ಸೀಟೇ ಆಗಿತ್ತು. ಅಕ್ಕ ಇನ್ನೊಂದು ಗಾದೆಗೆ ಬಾಯಿ ತೆರೆದಾಗ ಪುಟ್ಟಿ ಕಣ್ಣಿನಲ್ಲೇ ತಡೆದಳು. ಗೆದ್ದ ಖುಷಿ ಅವಳಿಗೆ ಎಣಿಸಿದಷ್ಟು ಆಗಿರಲಿಲ್ಲ. ಕಲಿಸುವ ಗಾಡಿಯಾದ್ದರಿಂದ ಭಾವನ ಕಾಲಡಿ ಇನ್ನೊಂದು ಬ್ರೇಕು ಇರುವುದು, ಅವಳು ನೆಟ್ಟಗೆ ಹೋಗುತ್ತಿರುವಾಗಲೂ ಅದು ಸುಮ್ಮನೆ ಕುಟುಕುತ್ತಿದ್ದದ್ದು, ಎಲ್ಲ ಈಗ ಬೇರೆ ಥರ ನೆನಪಾಗುತ್ತಿತ್ತು.

"ನಿಮಗೇನು ಗೊತ್ತು," ಎಂದರು ಭಾವ ಕೊನೆಗೆ. "ಓಡಿಸೋರ ಕೈಲಿ ಸ್ಟೀರಿಂಗ್ ಇರುತ್ತೆ. ಪಕ್ಕದಲ್ಲಿ ಕೂತೋನ ಕೈಲಿ ಏನಿದೆ? ಅವನಿಗೆ ಎಲ್ಲಾ ರಸ್ತೆನೂ ಇಳಿಜಾರೇ."

"ನಾನು ಓಡಿಸುವಾಗ್ಲೂನಾ ಭಾವ?"

"ನೀನು ಓಡಿಸುವಾಗ ಜಾಸ್ತಿ."

ಪುಟ್ಟಿಗೆ ಮತ್ತೆ ರೇಗಿತು. ತಾನು ಅಷ್ಟು ಕೆಟ್ಟದಾಗಿ ಓಡಿಸುತ್ತೇನೆಯೇ ಎಂದು ಕೇಳಿದಳು. ಅದಲ್ಲ ಎಂದು ಭಾವ ತಲೆಯಾಡಿಸಿದರು. "ಬೇರೆಯೋರಿಗೆ ಏನಾದ್ರೂ ಆದ್ರೆ ಅವರ ಮನೆಗೆ ಹೋಗಿ ಹೇಳ್ಬೇಕು. ನಿನಗೆ ಏನಾದ್ರೂ ಆದ್ರೆ ಇವಳಿಗೆ ಹೇಳ್ಬೇಕಲ್ಲ." ಹೀಗೆಂದು ಅಕ್ಕನ ಕಡೆ ಗಲ್ಲ ತೋರಿಸಿದರು.

ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ತಿರುಗಿಸಿ ಮುಚ್ಚಿದಳು. ಗಾದೆ ಯಾವುದೂ ನೆನಪಿಗೆ ಬಂದ ಹಾಗೆ ಕಾಣಲಿಲ್ಲ.

ಪುಟ್ಟಿ ಒಳಗೆ ಹೋಗಿ ಉಳಿದಿದ್ದ ಸ್ಯೂಡ್ ತುಂಡು ತಂದಳು. ಬೋಳು ಅಂಚನ್ನು ಬಿಚ್ಚಿ, ನವಿರಿನ ದಿಕ್ಕು ನೋಡಿ ಹೊಸ ಪಟ್ಟಿ ಕತ್ತರಿಸಿ, ಹೊಲಿಯಲು ಕೂತಳು. ಹೊಲಿಯುತ್ತಲೇ ಹೇಳಿದಳು: ಗಾಡಿ ನಾಳೆ ಸಿದ್ಧವಾಗುತ್ತದೆ. ಪರೀಕ್ಷೆಯ ದಿನ ಪಕ್ಕದ ಸೀಟಿನಲ್ಲಿ ಕೂರುವವರು ಆರ್‌ಟಿಓ ಸಾಹೇಬರು, ಭಾವ ಅಲ್ಲ. ಅವರ ಕೈ ಏನು ಹೇಳುತ್ತದೋ ನೋಡೋಣ. ಸಾಹೇಬರು ಅಂಚು ಹಿಡಿದುಕೊಂಡಿದ್ದರೆ ವ್ಯಾನಿನ ಮಾತು ಬಿಟ್ಟು ತಾನು ಗೋಡೆಗೆ ಮುಖ ಮಾಡಿ ಹೊಲಿಯುತ್ತೇನೆ, ಪಾಸಾದರೂ ಸರಿ, ಫೇಲಾದರೂ ಸರಿ. ಭಾವ ಮೆಷಿನ್ನಿನ ಸೂಜಿ ನೋಡುತ್ತ ಆಗಲಿ ಎಂದರು. ತಮ್ಮ ಶಾಸ್ತ್ರಕ್ಕೆ ತಾವೇ ಎದುರಾಡುವುದು ಅವರಿಗೂ ಸಾಧ್ಯವಿರಲಿಲ್ಲ.

ಪರೀಕ್ಷೆಯ ಮೈದಾನದಲ್ಲಿ ಭಾವ ಹಳೆಯ ಟೈರೊಂದರ ಮೇಲೆ ಕೂತರು, ಎದ್ದರು, ಮತ್ತೆ ಕೂತರು. ಪರೀಕ್ಷೆ ಮಾಡುವ ಸಾಹೇಬರು ಭಾರೀ ಆಳು. ಅವರು ಹತ್ತಿದಾಗ ಗಾಡಿ ಒಂದು ಮಗ್ಗುಲಿಗೆ ವಾಲಿತು. ಬೆಳಿಗ್ಗೆ ಭಾವ ಎರಡೂ ಸೀಟನ್ನು ತಾವೇ ಬಾಚಿದ್ದರು, ಟವೆಲ್ ಹಾಸಿರಲಿಲ್ಲ. ಗಾಡಿ ಗೇಟು ದಾಟಿ ರಸ್ತೆಗಿಳಿದು ಕಣ್ಮರೆಯಾಯಿತು. ಅವರು ನಿಂತಲ್ಲೇ ಬಲಗಾಲು ಒತ್ತುತ್ತಿದ್ದರು. ಅಲ್ಲಿ ಬ್ರೇಕು ಇರಲಿಲ್ಲ, ಬರೀ ಮಣ್ಣಿತ್ತು. ಗಾಡಿ ತಿರುಗಿ ಬರುವ ಹೊತ್ತಿಗೆ ಅವರ ಚಪ್ಪಲಿಯ ಕೆಳಗೆ ಒಂದು ಗುಂಡಿಯೇ ಆಗಿದೆ ಎಂದು ಅಕ್ಕ ತೋರಿಸಿದಳು.

ಸಾಹೇಬರು ಇಳಿದು ಏನೋ ಬರೆದುಕೊಳ್ಳುತ್ತ ಮೇಜಿನ ಕಡೆ ಹೋದರು. ಭಾವ ಅವರ ಹಿಂದೆ ಹೋಗಲಿಲ್ಲ. ನೇರವಾಗಿ ಬಂದು ಪಕ್ಕದ ಬಾಗಿಲು ತೆರೆದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಬಾಗಿದರು. ಒರಗುವಲ್ಲಿ ಅಗಲವಾದ ಬೆನ್ನು, ಸೋಮಾರಿಯಾಗಿ. ಕೂರುವಲ್ಲಿ ಎರಡು ದೊಡ್ಡ ತೊಡೆ, ಅತ್ತಿತ್ತ ಒಂದಿಷ್ಟೂ ಜಾರಿಲ್ಲ. ಅಂಚಿನ ಹೊಸ ಪಟ್ಟಿಯಲ್ಲಿ ನವಿರು ಬೆಳಿಗ್ಗೆ ಬಾಚಿದ ದಿಕ್ಕಿಗೇ ಇತ್ತು, ತಿಳಿ ಬೂದು, ಒಂದು ಬೆರಳೂ ಸೋಕದ ಹಾಗೆ.

"ಸಾಹೇಬ್ರು ನಿದ್ದೆ ಮಾಡಿದ್ರಾ?" ಎಂದು ಕೇಳಿದರು.

"ಇಲ್ಲ. ಅವರ ಮನೆ ಸೋಫಾ ಮೇಲೆ ಶಾಯಿ ಚೆಲ್ಲಿದೆಯಂತೆ. ದಾರಿಯುದ್ದಕ್ಕೂ ಅದೇ ವಿಚಾರ."

ಭಾವ ನೆಟ್ಟಗಾದರು. ಪಾಸು ಎನ್ನುವ ಮಾತು ಮೇಜಿನ ಕಡೆಯಿಂದ ಬರುವಷ್ಟರಲ್ಲಿ ಅವರು ಅಕ್ಕನಿಗೆ ಅದನ್ನು ಹೇಳಿಯಾಗಿತ್ತು, ತಾವೇ ಮೊದಲಿನಿಂದ ಅಂದುಕೊಂಡಿದ್ದ ಧಾಟಿಯಲ್ಲಿ.

ಮನೆಗೆ ಪುಟ್ಟಿಯೇ ಓಡಿಸಿದಳು. ಭಾವ ಪಕ್ಕದಲ್ಲಿ, ಅಕ್ಕ ಹಿಂದೆ. ಮೊದಲ ತಿರುವಿನಲ್ಲಿ ಅಕ್ಕ ಹಿಂದಿನಿಂದ, "ರೀ, ಕೈ ತೊಡೆ ಮೇಲೆ" ಎಂದಳು. ಭಾವ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ಅಲ್ಲಿಂದ ಮುಂದೆ ಮೂವರೂ ಸೋದರಳಿಯ ಹೊಲಿದ ಜಿಪ್ಪುಗಳ ಬಗ್ಗೆ ಮಾತಾಡಿದರು. ಕಾಲಡಿಯ ಬ್ರೇಕು ಒಮ್ಮೆ ಮಾತ್ರ ಕುಟುಕಿತು, ಅದೂ ನಾಯಿ ಅಡ್ಡ ಬಂದಾಗ. ಅಷ್ಟರಲ್ಲಿ ಪುಟ್ಟಿಯೂ ಒತ್ತಿದ್ದಳು.

ಮನೆಮುಂದೆ ಗಾಡಿ ನಿಂತಿತು. "ಜಾರಬೇಡಿ ಭಾವ, ಎದ್ದು ಇಳೀರಿ" ಎಂದು ಹೇಳಿ ಪುಟ್ಟಿ ಸುತ್ತಿ ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಬಾಗಿದಳು. ಭಾವ ಪಕ್ಕದಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಅಂಚಿನಲ್ಲಿ ನಾಲ್ಕು ಬೆರಳುಗಳ ಕಪ್ಪು ಗುರುತು ಇತ್ತು, ತೆಳ್ಳಗೆ, ಮುಟ್ಟಿ ಮುಟ್ಟಿ ಬಿಟ್ಟ ಹಾಗೆ.

"ಹೆಬ್ಬೆರಳಿಲ್ಲ," ಎಂದಳು ಪುಟ್ಟಿ. "ಪರವಾಗಿಲ್ಲ, ಸುಧಾರಿಸ್ತಿದ್ದೀರಿ. ಇನ್ನೊಂದಿಷ್ಟು ಕ್ಲಾಸ್ ಬೇಕಾಗುತ್ತೆ."

ಆಮೇಲೆ ಅಂಗೈಯಿಂದ ಒಮ್ಮೆ ಸವರಿ, ಬಾಗಿಲು ಹಾಕಿದಳು.